ಪ್ರಯೋಗ, ಪ್ರಮಾದ ಮತ್ತು ಪ್ರಾಮಾಣಿಕತೆ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ನಮ್ಮ ಈ ದೋಆಬ ಪ್ರದೇಶದಲ್ಲಿ, ದೇವದುರ್ಗದ ಎರೆಭೂಮಿಯಲ್ಲಾಗಲಿ, ಮಾನ್ವಿಯ ಕಾಲುವೆಯ ಕೆಳಗಿನ ಗದ್ದೆಗಳಲ್ಲಾಗಲಿ, ಮುಂಗಾರು ಹಿಡಿದಂದಿನಿಂದ ಹತ್ತಿಯು ರಾಯಚೂರಿನ ಮಾರುಕಟ್ಟೆಗೆ ಬಂದು ಬೀಳುವವರೆಗೆ ಒಂದು ಮಾತು ಎಲ್ಲರ ಬಾಯಲ್ಲಿಯೂ ಇರುತ್ತದೆ: “ಈ ಎಣ್ಣೆ ಹೊಡೆದೆವು, ಗುಣ ಕಂಡಿತು.” ಇದೇ ಮಾತು ಬೇರೆ ರೂಪದಲ್ಲಿ ಮನೆಯೊಳಗೂ ಕೇಳಿಬರುತ್ತದೆ. “ಈ ಕಷಾಯ ಕುಡಿದೆ, ಜ್ವರ ಇಳಿಯಿತು.” ಲಕ್ಷಾಂತರ ರೂಪಾಯಿಗಳ ವ್ಯವಹಾರ, ಸಾಲ, ಒಮ್ಮೊಮ್ಮೆ ಮನುಷ್ಯನ ಪ್ರಾಣ ಕೂಡ ಈ ಸಣ್ಣ ವಾಕ್ಯದ ಮೇಲೆ ನಿಂತಿರುತ್ತದೆ. ಆದುದರಿಂದ ವಿಚಾರವಂತರು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಅವಶ್ಯಕ. ಇದರಿಂದಲೇ ಗುಣವಾಯಿತೆಂದು ಹೇಳುವ ಅಧಿಕಾರ ನಮಗೆ ಬರುವುದು ಯಾವಾಗ? ಆ ಅಧಿಕಾರವನ್ನು ಪಡೆಯಲು ಇನ್ನೊಂದು ಜೀವಕ್ಕೆ ನೋವನ್ನುಂಟುಮಾಡಬೇಕಾಗಿ ಬಂದರೆ ಅದು ಎಷ್ಟರಮಟ್ಟಿಗೆ ಸಲ್ಲುತ್ತದೆ?

ಮೊದಲನೆಯದು ವಿಜ್ಞಾನದ ಪ್ರಶ್ನೆಯೆಂದೂ ಎರಡನೆಯದು ಧರ್ಮದ ಪ್ರಶ್ನೆಯೆಂದೂ ಮೇಲುನೋಟಕ್ಕೆ ತೋರುತ್ತದೆ. ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಒಂದೇ ಬದಿಯ ಲೆಕ್ಕ

ಜಮಾ ಬದಿಯನ್ನು ಮಾತ್ರ ಬರೆದು ಖರ್ಚಿನ ಬದಿಯನ್ನು ಖಾಲಿ ಬಿಟ್ಟ ಖಾತೆಯಿಂದ ಯಾವ ವ್ಯಾಪಾರಿಯೂ ಲಾಭ ನಷ್ಟಗಳನ್ನು ತಿಳಿಯಲಾರ. ಎಣ್ಣೆ ಹೊಡೆದ ಹೊಲದಲ್ಲಿ ಹುಳು ಕಡಿಮೆಯಾಯಿತು ಎಂಬುದು ಅಂಥದೇ ಒಂದು ಬದಿಯ ಲೆಕ್ಕ. ಹೊಡೆಯದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬ ಇನ್ನೊಂದು ಬದಿ ಅಲ್ಲಿ ಬರೆದೇ ಇಲ್ಲ. ಅದೇ ವಾರ ಜೋರಾಗಿ ಮಳೆ ಬಂದು ಹುಳು ತೊಳೆದುಹೋಗಿರಬಹುದು. ಹುಳುವಿನ ಒಂದು ಪೀಳಿಗೆ ಮುಗಿದಿರಬಹುದು. ಜ್ವರದಂತೆ ತಾನಾಗಿಯೇ ಇಳಿದಿರಲೂಬಹುದು. ಒಂದರ ನಂತರ ಇನ್ನೊಂದು ಸಂಭವಿಸಿತು ಎಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ.

ಈ ಖಾಲಿ ಬದಿಯನ್ನು ತುಂಬುವುದಕ್ಕಾಗಿ ಜೀವವಿಜ್ಞಾನಿಗಳು ಬಳಸುವ ಉಪಾಯವೇ ಹೋಲಿಕೆಯ ತಾಕು. ಉಳಿದೆಲ್ಲ ವಿಷಯಗಳಲ್ಲಿ ಸಮಾನವಾಗಿದ್ದು, ಪರೀಕ್ಷಿಸಬೇಕಾದ ಒಂದೇ ಒಂದು ಅಂಶದಲ್ಲಿ ಭಿನ್ನವಾಗಿರುವ ಎರಡು ತಾಕುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು. ಇಟಲಿಯ ಫ್ರಾನ್ಸೆಸ್ಕೊ ರೇದಿ ಎಂಬ ವೈದ್ಯನು 1668ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸರಳ ನಿದರ್ಶನ. ಕೊಳೆತ ಮಾಂಸದಲ್ಲಿ ಹುಳುಗಳು ತಾವಾಗಿಯೇ ಹುಟ್ಟುತ್ತವೆಂದು ಆ ಕಾಲದ ಯುರೋಪಿನ ಜನ ನಂಬಿದ್ದರು. ರೇದಿಯು ಕೆಲವು ಪಾತ್ರೆಗಳನ್ನು ತೆರೆದಿಟ್ಟನು, ಕೆಲವನ್ನು ಮುಚ್ಚಿಟ್ಟನು. ತೆರೆದವುಗಳಲ್ಲಿ ಮಾತ್ರ ಹುಳುಗಳು ಕಂಡವು. ಆದರೆ ಮುಚ್ಚಿದ ಪಾತ್ರೆಗೆ ನೊಣ ಹೋಗಲಾರದಂತೆಯೇ ಗಾಳಿಯೂ ಹೋಗಲಾರದಲ್ಲವೆ? ಭೇದವು ಒಂದಲ್ಲ, ಎರಡಾಯಿತು. ಆದಕಾರಣ ಅವನು ಗಾಳಿಯಾಡುವ ತೆಳುವಾದ ಬಟ್ಟೆಯನ್ನು ಬಿಗಿದು ಪುನಃ ಪರೀಕ್ಷಿಸಿದನು. ಗಾಳಿ ಇದ್ದರೂ ನೊಣ ತಲುಪದ ಮಾಂಸದಲ್ಲಿ ಹುಳು ಹುಟ್ಟಲಿಲ್ಲ. ತನ್ನ ನಿರ್ಣಯದ ವಿರುದ್ಧ ಇತರರು ಎತ್ತಬಹುದಾದ ಆಕ್ಷೇಪವನ್ನು ತಾನೇ ಮೊದಲು ಎತ್ತಿಕೊಂಡು ಅದಕ್ಕೂ ಪರೀಕ್ಷೆ ನಡೆಸುವುದು ವೈಜ್ಞಾನಿಕ ವಿಧಾನದ ಜೀವಾಳ. ಇದು ಜಾಣತನಕ್ಕಿಂತ ಹೆಚ್ಚಾಗಿ ಪ್ರಾಮಾಣಿಕತೆಯ ಗುಣ.

ಚೀಟಿ ಎತ್ತುವ ನ್ಯಾಯ

ಹೋಲಿಕೆಯ ತಾಕು ಇದ್ದರೆ ಸಾಲದು. ಅದನ್ನು ಯಾರು, ಹೇಗೆ ಆರಿಸಿದರು ಎಂಬುದೂ ಮುಖ್ಯ. ಮಾನ್ವಿ ಭಾಗದ ರೈತನೊಬ್ಬನಿಗೆ ಕಾಲುವೆಯ ಬಾಯಿಯ ಹತ್ತಿರ ಒಂದು ಗದ್ದೆ, ನೀರು ತಡವಾಗಿ ತಲುಪುವ ಕೊನೆಯ ಭಾಗದಲ್ಲಿ ಇನ್ನೊಂದು ಗದ್ದೆ ಇದೆಯೆಂದು ಭಾವಿಸೋಣ. ಹೊಸ ಗೊಬ್ಬರವನ್ನು ಮೇಲಿನ ಗದ್ದೆಗೆ ಹಾಕಿ, ಕೆಳಗಿನದನ್ನು ಹೋಲಿಕೆಗೆ ಬಿಟ್ಟರೆ ಫಲಿತಾಂಶ ಏನೆಂಬುದು ಬಿತ್ತುವ ಮೊದಲೇ ಗೊತ್ತು. ಇಲ್ಲಿ ಗೆದ್ದದ್ದು ಗೊಬ್ಬರವೋ ನೀರೋ ಎಂದು ಹೇಳುವವರಾರು?

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು 1919ರಲ್ಲಿ ಸೇರಿದ ರೊನಾಲ್ಡ್ ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞನು ಈ ತೊಡಕಿಗೆ ಪರಿಹಾರ ಸೂಚಿಸಿದನು. ಹೊಲವನ್ನು ಸಮಗುಣದ ಪಟ್ಟಿಗಳಾಗಿ ವಿಂಗಡಿಸಬೇಕು. ಪ್ರತಿ ಪಟ್ಟಿಯಲ್ಲಿಯೂ ಪರೀಕ್ಷೆಯ ಎಲ್ಲ ಉಪಚಾರಗಳಿಗೆ ಒಂದೊಂದು ತಾಕು ಇರಬೇಕು. ಯಾವ ತಾಕಿಗೆ ಯಾವ ಉಪಚಾರ ಎಂಬುದನ್ನು ಮನುಷ್ಯನ ಇಷ್ಟಾನಿಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸಬೇಕು. ಇದನ್ನು ಹಲವು ಸಲ ಪುನರಾವರ್ತಿಸಬೇಕು. ಪ್ರಯೋಗಗಳ ವಿನ್ಯಾಸವನ್ನು ಕುರಿತ ಅವನ ಗ್ರಂಥ 1935ರಲ್ಲಿ ಹೊರಬಂದಿತು. ಇಂದು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ತಾಕುಗಳೂ ಸೇರಿದಂತೆ ಜಗತ್ತಿನ ಕೃಷಿ ಸಂಶೋಧನಾ ಕ್ಷೇತ್ರಗಳಲ್ಲಿ ಈ ಕ್ರಮವೇ ರೂಢಿಯಲ್ಲಿದೆ.

ಅದೇ ಗ್ರಂಥದಲ್ಲಿ ಫಿಶರ್ ಒಂದು ಚಹದ ಉದಾಹರಣೆ ಕೊಟ್ಟಿದ್ದಾನೆ. ಬಟ್ಟಲಿಗೆ ಹಾಲು ಮೊದಲು ಹಾಕಿದರೋ ಚಹ ಮೊದಲು ಹಾಕಿದರೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದು ಒಬ್ಬ ಮಹಿಳೆ ಹೇಳುತ್ತಾಳೆ. ಪರೀಕ್ಷೆ ಹೇಗೆ? ಎಂಟು ಬಟ್ಟಲು, ನಾಲ್ಕು ಒಂದು ಬಗೆ, ನಾಲ್ಕು ಇನ್ನೊಂದು ಬಗೆ, ಕ್ರಮವು ಚೀಟಿಯಂತೆ, ಯಾವುದು ಯಾವುದೆಂದು ಆಕೆಗೆ ತಿಳಿಯಬಾರದು. ಏನೂ ತಿಳಿಯದವರು ಸುಮ್ಮನೆ ಊಹಿಸಿ ಎಂಟನ್ನೂ ಸರಿಯಾಗಿ ಹೇಳುವ ಸಂಭವ 70ರಲ್ಲಿ ಒಂದು. ಎರಡೇ ಬಟ್ಟಲಿಟ್ಟಿದ್ದರೆ ಅದು ಎರಡರಲ್ಲಿ ಒಂದು, ಅಂದರೆ ನಾಣ್ಯ ಚಿಮ್ಮಿದಂತೆ. ಪುನರಾವರ್ತನೆ ಏಕೆ ಬೇಕೆಂಬುದು ಇಷ್ಟರಿಂದಲೇ ಸ್ಪಷ್ಟ. ಪರೀಕ್ಷೆಗೆ ಒಳಗಾದವರಿಗೂ ಫಲವನ್ನು ಅಳೆಯುವವರಿಗೂ ಯಾವುದು ಯಾವುದೆಂದು ತಿಳಿಯದಿರುವುದೇಕೆ ಮುಖ್ಯವೆಂಬುದೂ ಸ್ಪಷ್ಟ. ತನ್ನ ಮಾಲನ್ನು ತಾನೇ ತೂಗುವವನ ಕೈ ಅವನಿಗರಿವಿಲ್ಲದೆಯೇ ತಕ್ಕಡಿಯ ಒಂದು ತಟ್ಟೆಯ ಕಡೆಗೆ ವಾಲುತ್ತದೆ. ರಾಗದ್ವೇಷಗಳು ಕಣ್ಣಿಗೂ ಬಣ್ಣ ಕೊಡುತ್ತವೆ ಎಂಬುದನ್ನು ವಿಜ್ಞಾನಿಗಳು ತಮ್ಮ ವಿಷಯದಲ್ಲಿಯೇ ಒಪ್ಪಿಕೊಂಡು ಮಾಡಿಕೊಂಡ ನಿಯಮವಿದು.

ಇಲ್ಲಿ ದಯಾವಂತರೊಬ್ಬರು ಕೇಳಬಹುದು: “ಗದ್ದೆಯ ಮಾತಿರಲಿ, ರೋಗಿಗಳ ವಿಷಯದಲ್ಲಿ ಅರ್ಧ ಜನರಿಗೆ ಔಷಧ ಕೊಟ್ಟು ಇನ್ನರ್ಧ ಜನರಿಗೆ ಕೊಡದಿರುವುದು ನಿರ್ದಯವಲ್ಲವೆ?” ಇದು ಸಾರವುಳ್ಳ ಪ್ರಶ್ನೆ. 1948ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗ ಇದಕ್ಕೆ ಉತ್ತರದ ದಾರಿ ತೋರಿಸುತ್ತದೆ. ಆಗ ಕ್ಷಯರೋಗದ ಆ ಹೊಸ ಔಷಧ ಅಲ್ಲಿ ಎಲ್ಲರಿಗೂ ಸಾಲುವಷ್ಟು ದೊರೆಯುತ್ತಿರಲಿಲ್ಲ. ಅದರ ಗುಣವೂ ಪೂರ್ತಿ ಸಿದ್ಧವಾಗಿರಲಿಲ್ಲ. ಹಾಗಿರುವಾಗ ಪರಿಚಯವಿದ್ದವರಿಗೆ, ಶ್ರೀಮಂತರಿಗೆ ಕೊಡುವುದಕ್ಕಿಂತ ಚೀಟಿಯ ಕ್ರಮದಿಂದ ಹಂಚುವುದೇ ನ್ಯಾಯವಾಗಿತ್ತು. 55 ರೋಗಿಗಳಿಗೆ ಔಷಧವೂ ವಿಶ್ರಾಂತಿಯೂ, 52 ರೋಗಿಗಳಿಗೆ ಆ ಕಾಲದ ರೂಢಿಯ ವಿಶ್ರಾಂತಿ ಚಿಕಿತ್ಸೆಯೂ ದೊರೆತವು. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಮಂದಿ, ಎರಡನೆಯದರಲ್ಲಿ 14 ಮಂದಿ ತೀರಿಕೊಂಡರು. ಈ ಜ್ಞಾನದ ಬಲದಿಂದ ಮುಂದೆ ಉಳಿದ ಪ್ರಾಣಗಳಿಗೆ ಲೆಕ್ಕವಿಲ್ಲ. ಯಾವುದು ಮೇಲೆಂದು ನಿಜವಾಗಿಯೂ ತಿಳಿಯದಿರುವಾಗ, ಪಾಲ್ಗೊಳ್ಳುವವರು ತಿಳಿದು ಒಪ್ಪಿದಾಗ, ಹೋಲಿಕೆಯ ಗುಂಪು ಇಡುವುದು ಧರ್ಮ. ತಿಳಿದ ಮೇಲೂ ಕೊಡದಿರುವುದು ಅಧರ್ಮ. ಈ ಗೆರೆ ತೆಳುವಾದರೂ ಸ್ಪಷ್ಟವಾಗಿದೆ.

ಸಿಂಪಡಿಸದ ಗದ್ದೆ ಹೇಳಿದ ಪಾಠ

ಹೋಲಿಕೆಯಿಲ್ಲದ ನಂಬಿಕೆಯಿಂದ ಎಷ್ಟು ಜೀವಹಾನಿಯಾಗಬಹುದೆಂಬುದಕ್ಕೆ ಭತ್ತದ ಕಂದು ಜಿಗಿಹುಳುವಿನ ಕಥೆಯೊಂದೇ ಸಾಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವವರಿಗೆ ಈ ಹುಳುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಗದ್ದೆಯ ನಡುವೆ ಸುಟ್ಟಂತಹ ವೃತ್ತಗಳು ಕಂಡಕೂಡಲೆ ಇನ್ನೊಂದು ಸಲ ಎಣ್ಣೆ ಹೊಡೆಯುವುದು ವಾಡಿಕೆ.

1970ರ ದಶಕದ ಕೊನೆಯಲ್ಲಿ ಫಿಲಿಪ್ಪೀನ್ಸ್ ದೇಶದ ಭತ್ತದ ಗದ್ದೆಗಳಲ್ಲಿ ಸಂಶೋಧಕರು ಸಿಂಪಡಿಸಿದ ಮತ್ತು ಸಿಂಪಡಿಸದ ತಾಕುಗಳನ್ನು ಅಕ್ಕಪಕ್ಕದಲ್ಲಿಟ್ಟು ಹುಳುಗಳನ್ನು ಎಣಿಸಿದರು. ಸಿಂಪಡಿಸಿದ ಗದ್ದೆಗಳಲ್ಲಿಯೇ ಜಿಗಿಹುಳು ಹೆಚ್ಚಾಗಿತ್ತು! ಕಾರಣವನ್ನು ಹುಡುಕಿದಾಗ ತಿಳಿದದ್ದಿಷ್ಟು: ಜೇಡ ಮೊದಲಾದ ಜೀವಿಗಳು ಸ್ವಭಾವತಃ ಜಿಗಿಹುಳುವನ್ನು ತಿಂದು ಅದರ ಸಂಖ್ಯೆಯನ್ನು ಹತೋಟಿಯಲ್ಲಿಡುತ್ತವೆ. ವಿಷದಿಂದ ಅವು ಮೊದಲು ಸಾಯುತ್ತವೆ. ಗಿಡದೊಳಗೆ ಇಟ್ಟ ಜಿಗಿಹುಳುವಿನ ತತ್ತಿಗಳು ಉಳಿದುಕೊಂಡು, ಶತ್ರುಗಳಿಲ್ಲದ ಗದ್ದೆಯಲ್ಲಿ ಬೇಗನೆ ಬೆಳೆಯುತ್ತವೆ. ರೋಗಕ್ಕೆ ಕೊಟ್ಟ ಮದ್ದೇ ರೋಗವನ್ನು ಬೆಳೆಸಿತ್ತು. ಇಂಡೋನೇಷ್ಯಾ ಸರಕಾರ 1986ರಲ್ಲಿ ಭತ್ತಕ್ಕೆ 57 ಬಗೆಯ ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು. 1989ರ ಹೊತ್ತಿಗೆ ಕೀಟನಾಶಕಗಳಿಗೆ ಕೊಡುತ್ತಿದ್ದ ಸಹಾಯಧನವನ್ನೂ ನಿಲ್ಲಿಸಿತು. ಭತ್ತದ ಇಳುವರಿ ಕುಸಿಯಲಿಲ್ಲ.

ಒಂದು ಪಟ್ಟಿಯನ್ನು ಸಿಂಪಡಿಸದೆ ಬಿಟ್ಟು ನೋಡುವ ತಾಳ್ಮೆ ಇಲ್ಲದಿದ್ದರೆ ಈ ಸತ್ಯ ಎಂದಿಗೂ ಹೊರಬರುತ್ತಿರಲಿಲ್ಲ. ಹುಳು ಹೆಚ್ಚಿದಷ್ಟೂ ಎಣ್ಣೆ ಹೆಚ್ಚು, ಎಣ್ಣೆ ಹೆಚ್ಚಿದಷ್ಟೂ ಹುಳು ಹೆಚ್ಚು ಎಂಬ ಚಕ್ರ ತಿರುಗುತ್ತಲೇ ಇರುತ್ತಿತ್ತು. ಕೇವಲ ಜೀವ ಹೋದದ್ದರಿಂದ ಹಿಂಸೆ ಪೂರ್ಣವಾಗುವುದಿಲ್ಲ, ಅದರ ಹಿಂದಿನ ಪ್ರಮಾದವೇ ಹಿಂಸೆಯ ಮೂಲ ಎಂಬುದು ನಮ್ಮ ಆಚಾರ್ಯರು ಬಹು ಹಿಂದೆಯೇ ತೋರಿಸಿದ ವಿವೇಕ. ನೋಡದೆ ನಡೆಯುವುದು ಪ್ರಮಾದವಾದರೆ, ಪರೀಕ್ಷಿಸದೆ ವಿಷವನ್ನು ಚೆಲ್ಲುವುದು, ಪರೀಕ್ಷಿಸದ್ದನ್ನು “ಗ್ಯಾರಂಟಿ” ಎಂದು ಮಾರುವುದು ಪ್ರಮಾದವಲ್ಲದೆ ಮತ್ತೇನು?

ಸಂಕಲ್ಪದ ತೊಡಕು

ಈಗ ಎರಡನೆಯ ಪ್ರಶ್ನೆಗೆ ಬರೋಣ. ಜೀವವಿಜ್ಞಾನದ ಅನೇಕ ಪ್ರಯೋಗಗಳಲ್ಲಿ ಇಲಿ, ಮೊಲ, ಕಪ್ಪೆ ಮೊದಲಾದ ಪ್ರಾಣಿಗಳು ನರಳುತ್ತವೆ, ಸಾಯುತ್ತವೆ. ಶ್ರಾವಕರ ಆಚಾರದಲ್ಲಿ ಹಿಂಸೆಯನ್ನು ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ನಾಲ್ಕಾಗಿ ವಿಂಗಡಿಸುವುದು ವಾಚಕರಿಗೆ ತಿಳಿದೇ ಇದೆ. ಅಡಿಗೆ ಒಕ್ಕಲುತನಗಳಲ್ಲಿ ಅನಿವಾರ್ಯವಾಗಿ ಸಂಭವಿಸುವ ಹಿಂಸೆಗೆ ಗೃಹಸ್ಥನಿಗೆ ಮಿತಿಯುಳ್ಳ ವಿನಾಯಿತಿ ಇದೆ. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪಿ ಹಿಂಸೆಗೆ ಇಲ್ಲ. ಪ್ರಯೋಗಶಾಲೆಯ ಹಿಂಸೆ ಯಾವ ವರ್ಗಕ್ಕೆ ಸೇರುತ್ತದೆ?

ಅದು ವಿಜ್ಞಾನಿಯ ವೃತ್ತಿ, ಆದ್ದರಿಂದ ಉದ್ಯೋಗಿ ಹಿಂಸೆ ಎಂದು ಹೇಳಿ ಕೆಲವರು ಸಮಾಧಾನಪಡುತ್ತಾರೆ. ಈ ಸಮಾಧಾನ ನನಗೆ ಒಪ್ಪಿಗೆಯಾಗಿಲ್ಲ. ನೇಗಿಲು ಹೂಡುವವನು ಎರೆಹುಳುವನ್ನು ಉದ್ದೇಶಿಸುವುದಿಲ್ಲ. ಪ್ರಯೋಗ ಮಾಡುವವನು ಆ ಇಲಿಯನ್ನೇ ಉದ್ದೇಶಿಸುತ್ತಾನೆ. ಇದರಲ್ಲಿ ಸಂಕಲ್ಪವಿದೆ ಎಂಬುದನ್ನು ಮರೆಮಾಚಬಾರದು. ಇನ್ನು ಕೆಲವರು, “ನಮಗೂ ಅದಕ್ಕೂ ಸಂಬಂಧವಿಲ್ಲ” ಎಂದು ಕೈತೊಳೆದುಕೊಳ್ಳುತ್ತಾರೆ. ಇದೂ ಸರಿಯಲ್ಲ. ನಮ್ಮ ಮಕ್ಕಳಿಗೆ ಹಾಕಿಸುವ ಲಸಿಕೆ, ಮಧುಮೇಹಕ್ಕೆ ಚುಚ್ಚಿಸಿಕೊಳ್ಳುವ ಇನ್ಸುಲಿನ್ ಇವೆಲ್ಲ ಅಂಥ ಪ್ರಯೋಗಗಳ ದಾರಿಯಿಂದಲೇ ಬಂದವು. ಫಲವನ್ನು ಉಂಡು ಮರದ ಋಣವನ್ನು ಅಲ್ಲಗಳೆಯುವುದು ಸತ್ಯವ್ರತಕ್ಕೆ ಒಪ್ಪುವುದಿಲ್ಲ.

ಹಾಗಾದರೆ ದಾರಿ ಯಾವುದು? ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ವಿಜ್ಞಾನಿಗಳು 1959ರಲ್ಲಿ ಮೂರು ನಿಯಮಗಳನ್ನು ಮುಂದಿಟ್ಟರು. ಪ್ರಾಣಿಯ ಬದಲು ಬೇರೆ ಉಪಾಯವಿದ್ದರೆ ಅದನ್ನೇ ಬಳಸಬೇಕು. ಬಳಸುವ ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸಬೇಕು. ನೋವನ್ನು ಕಡಿಮೆ ಮಾಡಬೇಕು. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯೂ ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಸಬಹುದಾದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗವನ್ನು ವರ್ಜಿಸಬೇಕೆಂದು ಹೇಳುತ್ತದೆ. 2014ರಲ್ಲಿ ಸೌಂದರ್ಯವರ್ಧಕಗಳಿಗಾಗಿ ಪ್ರಾಣಿಗಳ ಮೇಲೆ ನಡೆಸುವ ಪರೀಕ್ಷೆ ನಿಷಿದ್ಧವಾಯಿತು.

ಈ ಮೂರರಲ್ಲಿ ಎರಡನೆಯ ನಿಯಮ ನೇರವಾಗಿ ಪ್ರಯೋಗದ ವಿನ್ಯಾಸಕ್ಕೆ ಸಂಬಂಧಿಸಿದೆ. ಎಷ್ಟು ಪ್ರಾಣಿಗಳು ಬೇಕೆಂಬುದನ್ನು ಮೊದಲೇ ಲೆಕ್ಕ ಹಾಕದೆ, ಹೋಲಿಕೆಯ ಗುಂಪು ಇಡದೆ, ಚೀಟಿ ಎತ್ತದೆ ನಡೆಸಿದ ಪ್ರಯೋಗದಿಂದ ಯಾವ ನಿರ್ಣಯವೂ ಹೊರಡುವುದಿಲ್ಲ. ಅಲ್ಲಿ ಸತ್ತ ಇಪ್ಪತ್ತು ಇಲಿಗಳ ಸಾವು ಪೂರ್ತಿ ವ್ಯರ್ಥ. ಅದೇ ಪ್ರಶ್ನೆಗಾಗಿ ಇನ್ನೂ ಇಪ್ಪತ್ತು ಸಾಯಬೇಕಾಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಬಳಸಿದರೆ ಹೆಚ್ಚಿನ ಸಾವುಗಳು ವ್ಯರ್ಥ. ಹೀಗೆ ಸಂಖ್ಯಾಶಾಸ್ತ್ರದ ಒಣ ಲೆಕ್ಕವೆಂದು ನಾವು ತಿಳಿದದ್ದು ಕರುಣೆಯ ಅಳತೆಗೋಲೂ ಆಗುತ್ತದೆ. ಒಳ್ಳೆಯ ವಿನ್ಯಾಸ ಹಿಂಸೆಯನ್ನು ಪುಣ್ಯವನ್ನಾಗಿ ಮಾಡುವುದಿಲ್ಲ. ಕೆಟ್ಟ ವಿನ್ಯಾಸವಾದರೋ ಹಿಂಸೆಗೆ ಅಸತ್ಯವನ್ನೂ ಕೂಡಿಸುತ್ತದೆ.

ಕೊಲ್ಲದೆಯೂ ಜೀವವಿಜ್ಞಾನ ಸಾಧ್ಯವೆಂಬುದಕ್ಕೆ ನಿದರ್ಶನಗಳಿವೆ. ಮೆಂಡೆಲ್ ಅನುವಂಶಿಕತೆಯ ನಿಯಮಗಳನ್ನು ಕಂಡುಹಿಡಿದದ್ದು ಬಟಾಣಿ ಗಿಡಗಳಲ್ಲಿ. 1866ರಲ್ಲಿ ಪ್ರಕಟವಾದ ಆ ಕೆಲಸ ಏಕೇಂದ್ರಿಯ ಜೀವಗಳ ಎಣಿಕೆಯ ಮೇಲೆ ನಿಂತಿದೆ. 1957ರಲ್ಲಿ ಇಂಗ್ಲೆಂಡನ್ನು ಬಿಟ್ಟು ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದ ಜೆ. ಬಿ. ಎಸ್. ಹಾಲ್ಡೇನ್ ಉಸಿರಾಟಕ್ಕೆ ಸಂಬಂಧಿಸಿದ ಅಪಾಯಕರ ಪರೀಕ್ಷೆಗಳನ್ನು ತನ್ನ ಸ್ವಂತ ದೇಹದ ಮೇಲೆಯೇ ಮಾಡಿಕೊಂಡವರು. ಜೀವಿಗಳನ್ನು ಕೊಲ್ಲದೆ ನೋಡಿ, ಎಣಿಸಿ, ಅಳೆದು ಮಾಡುವ ಸಂಶೋಧನೆಗೆ ಭಾರತವೇ ತಕ್ಕ ನೆಲವೆಂಬುದು ಅವರ ಅಭಿಪ್ರಾಯವಾಗಿತ್ತು. ತೆಂಗಿನ ಮರಗಳ ಗರಿಗಳ ಸುರುಳಿ ಎಡಕ್ಕೋ ಬಲಕ್ಕೋ ಎಂದು ಎಣಿಸುವ ಅಧ್ಯಯನ ಆ ಸಂಸ್ಥೆಯಲ್ಲಿ ನಡೆಯಿತು.

ಮಲದಕಲ್ಲಿನ ಹೊಲ

ಪ್ರಯೋಗದ ನೀತಿಯ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿಯೇ ಒಮ್ಮೆ ಬೆಂಕಿಯ ರೂಪದಲ್ಲಿ ಎದ್ದಿತ್ತು. ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಸೇರಿಸಿ ರೂಪಿಸಿದ ಬಿಟಿ ಹತ್ತಿಯ ಪರೀಕ್ಷೆಗಳು 1998ರಲ್ಲಿ ಕೇಂದ್ರ ಸರಕಾರದ ಅನುಮತಿಯಿಂದ ದೇಶದ ಹಲವೆಡೆ ರೈತರ ಹೊಲಗಳಲ್ಲಿ ನಡೆದವು. ಅವುಗಳಲ್ಲೊಂದು ರಾಯಚೂರು ಜಿಲ್ಲೆಯ ಮಲದಕಲ್ಲಿನಲ್ಲಿತ್ತು. ಆ ವರ್ಷದ ನವೆಂಬರ್ ತಿಂಗಳಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘದವರು ಆ ಬೆಳೆಯನ್ನು ಕಿತ್ತು ಸುಟ್ಟರು. ಬೀಜ ಎಂಥದೆಂಬುದನ್ನು ಹೊಲದ ಒಡೆಯನಿಗೆ ತಿಳಿಸಿಯೇ ಇರಲಿಲ್ಲವೆಂಬುದು ಸಂಘದ ಆರೋಪವಾಗಿತ್ತು.

ಇಲ್ಲಿ ಯಾರ ಪಕ್ಷವನ್ನೂ ವಹಿಸದೆ ಎರಡು ಮಾತುಗಳನ್ನು ಹೇಳಬಹುದು. ತಿಳಿಸದೆ ಒಬ್ಬನ ಹೊಲದಲ್ಲಿ ಪರೀಕ್ಷೆ ನಡೆಸುವುದು, ಎಲ್ಲಿ ನಡೆದರೂ, ಅದತ್ತಾದಾನಕ್ಕೆ ಸಮೀಪದ ದೋಷ. ಒಪ್ಪಿಗೆಯಿಲ್ಲದೆ ತೆಗೆದುಕೊಂಡದ್ದು ಜ್ಞಾನವಾದರೂ ಅದು ಕೊಡದಿದ್ದುದನ್ನು ತೆಗೆದುಕೊಂಡಂತೆಯೇ. ಇನ್ನೊಂದು ಮಾತು: ಬೆಳೆಯನ್ನು ಸುಟ್ಟಾಗ ಅದರೊಡನೆ ಉತ್ತರವೂ ಸುಟ್ಟುಹೋಗುತ್ತದೆ. ವಿರೋಧಿಸುವವರ ಸಂಶಯ ನಿಜವಾಗಿದ್ದರೂ ಅದನ್ನು ಸಿದ್ಧಪಡಿಸುವ ಸಾಧನ ಇಲ್ಲದಂತಾಗುತ್ತದೆ.

ಮುಂದೆ 2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. 2006ರಲ್ಲಿ ಎರಡು ವಂಶವಾಹಿಗಳ ಬೀಜವೂ ಬಂದಿತು. ಕಾಯಿಕೊರಕಕ್ಕೆ ಸಿಂಪಡಣೆ ಮೊದಲ ವರ್ಷಗಳಲ್ಲಿ ತಗ್ಗಿತು. ಆದರೆ 2010ರಲ್ಲಿಯೇ ಗುಜರಾತಿನ ಗುಲಾಬಿ ಕಾಯಿಕೊರಕ ಮೊದಲನೆಯ ಬಗೆಗೆ ಬಗ್ಗದಾಗಿದೆಯೆಂಬ ಸಂಗತಿ ಪ್ರಕಟವಾಯಿತು. ನಂತರ ಎರಡನೆಯದಕ್ಕೂ ಹಾಗೆಯೇ ಆಯಿತು. ಇಂದು ನಮ್ಮ ಭಾಗದ ಹತ್ತಿಗೂ ಆ ಹುಳುವಿನ ಕಾಟ ತಪ್ಪಿಲ್ಲ. ಇದನ್ನು ತಡೆಯಲೆಂದೇ ಒಂದು ನಿಯಮವಿತ್ತು. ಹೊಲದ ಸುತ್ತ ಐದು ಸಾಲು ಅಥವಾ ಹೊಲದ ಐದನೆಯ ಒಂದು ಭಾಗ, ಎರಡರಲ್ಲಿ ಹೆಚ್ಚಿನದರಷ್ಟು ಜಾಗದಲ್ಲಿ ಬಿಟಿಯಲ್ಲದ ಹತ್ತಿ ಬಿತ್ತಬೇಕು. ಅದಕ್ಕಾಗಿ 450 ಗ್ರಾಂ ಬೀಜದ ಜೊತೆಗೆ 120 ಗ್ರಾಂನ ಪ್ರತ್ಯೇಕ ಪೊಟ್ಟಣವನ್ನೂ ಕೊಡುತ್ತಿದ್ದರು. ವಿಷಕ್ಕೆ ಬಗ್ಗುವ ಹುಳುಗಳು ಆ ಸಾಲುಗಳಲ್ಲಿ ಬದುಕಿ, ಬಗ್ಗದ ಹುಳುಗಳೊಡನೆ ಕೂಡಿ, ಬಗ್ಗದ ಸಂತತಿ ಹೆಚ್ಚದಂತೆ ತಡೆಯಲಿ ಎಂಬುದು ಅದರ ತರ್ಕ. ಆದರೆ ಆ ಚಿಕ್ಕ ಪೊಟ್ಟಣ ಬಹುಪಾಲು ಕಡೆ ಬದುವಿನಲ್ಲಿಯೇ ಉಳಿಯಿತು. ಅದು ಏಕೆ ಬೇಕೆಂದು ಮಾರಿದವರು ಹೇಳಲಿಲ್ಲ, ಕೊಂಡವರು ಕೇಳಲಿಲ್ಲ. ಕೆಲವು ಹುಳುಗಳನ್ನು ಬದುಕಲು ಬಿಡುವುದರಲ್ಲಿಯೇ ಬೆಳೆಯ ರಕ್ಷಣೆ ಅಡಗಿತ್ತೆಂಬ ಮಾತು ನಮ್ಮಂಥವರಿಗಾದರೂ ಅರ್ಥವಾಗಬೇಕಾಗಿತ್ತು.

ಒಂದೆರಡು ಹಂಗಾಮಿನ ಪರೀಕ್ಷೆ ಆ ಹಂಗಾಮಿನ, ಆ ನೆಲದ, ಆ ಪ್ರಶ್ನೆಯ ಉತ್ತರವನ್ನು ಮಾತ್ರ ಕೊಡುತ್ತದೆ. ಹದಿನೈದು ವರ್ಷಗಳ ನಂತರ ಏನೆಂಬುದನ್ನು ಅದು ಹೇಳಿರಲೇ ಇಲ್ಲ. ಹೇಳಿತೆಂದು ನಾವು ಭಾವಿಸಿದೆವು. “ಒಂದು ಅಪೇಕ್ಷೆಯಿಂದ ಹೀಗಿದೆ” ಎಂದು ಮಿತಿಯನ್ನು ಸೇರಿಸಿಯೇ ಮಾತಾಡಬೇಕೆನ್ನುವ ಸ್ಯಾದ್ವಾದಕ್ಕೂ ಸಂಖ್ಯಾಶಾಸ್ತ್ರಕ್ಕೂ ಇರುವ ಬಾಂಧವ್ಯವನ್ನು ಪ್ರಶಾಂತಚಂದ್ರ ಮಹಾಲನೋಬಿಸ್ 1954ರಲ್ಲಿ, ಹಾಲ್ಡೇನ್ 1957ರಲ್ಲಿ ಪ್ರತ್ಯೇಕ ಲೇಖನಗಳಲ್ಲಿ ಚರ್ಚಿಸಿದ್ದಾರೆ. ಅದನ್ನು ಕೇಳಿ ನಾವು ಹೆಮ್ಮೆಪಟ್ಟು ಸುಮ್ಮನಾಗುವುದಕ್ಕಿಂತ, ನಮ್ಮ ವ್ಯವಹಾರದ ಮಾತಿನಲ್ಲಿ ಆ ಮಿತಿಯನ್ನು ಎಷ್ಟು ಪಾಲಿಸುತ್ತೇವೆಂದು ನೋಡಿಕೊಳ್ಳುವುದು ಮೇಲು.

ಸಂಸ್ಥೆಗಳವರಲ್ಲಿ ವಿನಂತಿ

ನಮ್ಮ ಬಸದಿಗಳ ಟ್ರಸ್ಟುಗಳು ವೈದ್ಯಕೀಯ ಶಿಬಿರಗಳಿಗೆ, ಗೋಶಾಲೆಗಳಿಗೆ, ವಿದ್ಯಾಸಂಸ್ಥೆಗಳಿಗೆ ಉದಾರವಾಗಿ ಧನಸಹಾಯ ಮಾಡುತ್ತಿವೆ. ಒಂದು ಔಷಧವನ್ನೋ ಉಪಕರಣವನ್ನೋ ಹೊಗಳಿ, ಗುಣವಾದವರ ಪತ್ರಗಳನ್ನು ತೋರಿಸಿ ನೆರವು ಕೇಳುವವರು ಬಂದಾಗ ನಾಲ್ಕು ಪ್ರಶ್ನೆಗಳನ್ನು ವಿನಯದಿಂದ ಕೇಳಬೇಕು. ಇದನ್ನು ಪಡೆಯದವರ ಗತಿ ಏನಾಯಿತು? ಯಾರಿಗೆ ಕೊಡಬೇಕೆಂದು ಆರಿಸಿದವರು ಯಾರು, ಹೇಗೆ? ಎಷ್ಟು ಮಂದಿಯಲ್ಲಿ, ಎಷ್ಟು ಸಲ ನೋಡಿದ್ದು? ಫಲವನ್ನು ಅಳೆದವರಿಗೆ ಯಾರು ಏನನ್ನು ಪಡೆದಿದ್ದರೆಂದು ತಿಳಿದಿತ್ತೆ? ಗುಣವಾಗದವರು ಪತ್ರ ಬರೆಯುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಪ್ರಾಣಿಗಳ ಮೇಲೆ ಪ್ರಯೋಗವಿದ್ದರೆ ಐದನೆಯ ಪ್ರಶ್ನೆ: ಇದಿಲ್ಲದೆ ತಿಳಿಯುವ ದಾರಿ ಇಲ್ಲವೆ? ಹಾಗೆಯೇ, ಜೀವಹಿಂಸೆಯಿಲ್ಲದೆ ಸಂಶೋಧನೆ ನಡೆಸಬಯಸುವ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುವ ಪದ್ಧತಿಯನ್ನು ನಮ್ಮ ಸಂಸ್ಥೆಗಳು ಆರಂಭಿಸಬಹುದು. ಪ್ರಯೋಗದ ಹಿಂಸೆಯನ್ನು ಖಂಡಿಸುವ ಭಾಷಣಕ್ಕಿಂತ ಅದು ಹೆಚ್ಚು ಜೀವಗಳನ್ನು ಉಳಿಸೀತು.

ಬೀಜ, ಗೊಬ್ಬರ, ಔಷಧಗಳ ವ್ಯಾಪಾರದಲ್ಲಿರುವ ನಮ್ಮ ಬಂಧುಗಳಿಗೆ ಇನ್ನೊಂದು ಮಾತು. ಅಂಗಡಿಯ ಕಟ್ಟೆಯ ಮೇಲೆ ಆಡುವ “ಖಂಡಿತ ಗುಣ ಬರುತ್ತದೆ” ಎಂಬ ಮಾತು ತಪ್ಪಾದರೆ ಅದರ ಬೆಲೆ ತೆರುವವನು ಮಾರಿದವನಲ್ಲ, ಸಾಲ ಮಾಡಿ ಕೊಂಡುಹೋದ ಎರಡೆಕರೆಯ ರೈತ ಮತ್ತು ಅವನ ಹೊಲದ ಅಸಂಖ್ಯಾತ ಜೀವಿಗಳು. “ಇಷ್ಟು ತಿಳಿದಿದೆ, ಇಷ್ಟು ತಿಳಿದಿಲ್ಲ, ಒಂದು ಪಟ್ಟಿಯನ್ನು ಹಾಗೆಯೇ ಬಿಟ್ಟು ನೀನೇ ನೋಡು” ಎಂದು ಹೇಳಿ ಕಳುಹಿಸಿದರೆ ಆ ದಿನದ ವ್ಯಾಪಾರ ಸ್ವಲ್ಪ ಕಡಿಮೆಯಾಗಬಹುದು. ಕಡಿಮೆಯಾದ ಆ ಲಾಭವನ್ನು ಸತ್ಯದ ಖಾತೆಗೆ ಜಮಾ ಬರೆದುಕೊಳ್ಳಬೇಕೆಂದು ವಾಚಕ ಬಂಧುಗಳಲ್ಲಿ ನನ್ನ ವಿನಂತಿ.